ನಿಮಗಿದು ಗೊತ್ತೆ? ಒಂದೇ ಫೈನಲ್‌ನಲ್ಲಿ 47 ಅಂಕ!

ಅಮೆರಿಕದ ಟೆಕ್ಸಾಸ್ ರಾಜ್ಯದ ಬ್ರೌನ್‌ಫೀಲ್ಡ್ ಎಂಬ ಪುಟ್ಟ ಊರಿನ ಹುಡುಗಿ ಶೆರಿಲ್ ಸ್ವೂಪ್ಸ್. ದೊಡ್ಡ ವಿಶ್ವವಿದ್ಯಾಲಯವೊಂದು ಬ್ಯಾಸ್ಕೆಟ್‌ಬಾಲ್ ಆಡಲೆಂದು ಕರೆದು ಸೇರಿಸಿಕೊಂಡರೂ ಮನೆಯ ನೆನಪು ತಡೆಯಲಾರದೆ ಕೆಲವೇ ದಿನಗಳಲ್ಲಿ ಊರಿಗೆ ಮರಳಿದಳು. ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಆಡಿ, ಆಮೇಲೆ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ ಸೇರಿದಳು. 1993ರ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ ಓಹಾಯೋ ಸ್ಟೇಟ್ ತಂಡದ ವಿರುದ್ಧ ಅವಳೊಬ್ಬಳೇ ಗಳಿಸಿದ್ದು 47 ಅಂಕ. ಪುರುಷರ ಫೈನಲ್‌ನಲ್ಲಿ ಬಿಲ್ ವಾಲ್ಟನ್ 1973ರಲ್ಲಿ ಗಳಿಸಿದ್ದ 44 ಅಂಕಗಳನ್ನೂ ಅದು ಮೀರಿಸಿತು. ಟೆಕ್ಸಾಸ್ ಟೆಕ್ 84-82ರಿಂದ ಗೆದ್ದಿತು.

ಇಷ್ಟು ಆಡಿದವಳಿಗೆ ತನ್ನ ದೇಶದಲ್ಲಿ ಮುಂದೆ ಆಡಲು ದೊಡ್ಡ ವೃತ್ತಿಪರ ಮಹಿಳಾ ಲೀಗೇ ಇರಲಿಲ್ಲ! ಕೆಲಕಾಲ ಇಟಲಿಗೆ ಹೋಗಿ ಆಡಬೇಕಾಯಿತು. 1995ರಲ್ಲಿ ನೈಕಿ ಕಂಪನಿ 'ಏರ್ ಸ್ವೂಪ್ಸ್' ಶೂ ತಂದಿತು. ಮಹಿಳಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯ ಹೆಸರಲ್ಲಿ ಬಂದ ಮೊದಲ ನೈಕಿ ಶೂ ಅದು. ಕೊನೆಗೆ ಅಮೆರಿಕದಲ್ಲಿ ಡಬ್ಲ್ಯುಎನ್‌ಬಿಎ ಎಂಬ ವೃತ್ತಿಪರ ಮಹಿಳಾ ಲೀಗ್ ಹುಟ್ಟಿದಾಗ ಮೊತ್ತಮೊದಲು ಒಪ್ಪಂದಕ್ಕೆ ಸಹಿ ಹಾಕಿದವಳೂ ಅವಳೇ.

ಲೀಗ್ ಶುರುವಾದ 1997ರ ಜೂನ್‌ನಲ್ಲೇ ಅವಳಿಗೆ ಮಗು ಹುಟ್ಟಿತು. ಸುಮಾರು ಆರೇ ವಾರಗಳಲ್ಲಿ ಅಂಗಳಕ್ಕಿಳಿದಳು. ಬಾಣಂತನದ ಕಷ್ಟ ಬಲ್ಲವರಿಗೆ ಇದು 47 ಅಂಕಕ್ಕಿಂತ ದೊಡ್ಡ ಸಾಧನೆಯಾಗಿ ಕಂಡೀತು. ಅವಳ ಹ್ಯೂಸ್ಟನ್ ಕಾಮೆಟ್ಸ್ ತಂಡ ಮೊದಲ ನಾಲ್ಕು ವರ್ಷವೂ ಚಾಂಪಿಯನ್ ಆಯಿತು. ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ, 1996, 2000, 2004ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಅವಳ ಪಾಲಾದವು.