ಒರಗು ಬೈಸಿಕಲ್ಲು

ಬೈಸಿಕಲ್ಲೆಂದರೆ ಹೇಗಿರಬೇಕು? ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಯನ್ನು ಹೀಗೆ ಕೇಳಿದರೂ ಅವನು ನಕ್ಕಾನು. ಎರಡು ಚಕ್ರ, ನಡುವೆ ಕಬ್ಬಿಣದ ಚೌಕಟ್ಟು, ಮೇಲೊಂದು ಸೀಟು, ಕೆಳಗೆ ಪೆಡಲು, ಮುಂದೆ ಹ್ಯಾಂಡಲು. ಇಷ್ಟನ್ನು ಎಳೆಯ ಮಗುವೂ ಬರೆದು ತೋರಿಸೀತು. ಆದರೆ ಕುರ್ಚಿಯಂಥ ಸೀಟಿನಲ್ಲಿ ಬೆನ್ನನ್ನು ಒರಗಿಸಿ, ಕಾಲುಗಳನ್ನು ಮುಂದಕ್ಕೆ ಚಾಚಿ, ಹೆಚ್ಚುಕಡಮೆ ಅನಂತಶಯನನ ಭಂಗಿಯಲ್ಲಿ ಪೆಡಲು ತುಳಿಯುವ ಬೈಸಿಕಲ್ಲೂ ಒಂದುಂಟು. ಇಂಗ್ಲಿಷಿನಲ್ಲಿ ಇದಕ್ಕೆ ರಿಕಂಬೆಂಟ್ ಎಂದು ಹೆಸರು. ಒರಗು ಕುರ್ಚಿ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿರುವುದರಿಂದ ಇದನ್ನು ಒರಗು ಬೈಸಿಕಲ್ಲು ಎಂದು ಕರೆಯಬಹುದು. ಮೊದಲ ನೋಟಕ್ಕೆ ಇದು ಸೋಮಾರಿಗಳ ವಾಹನವೆಂದು ತೋರುವುದು ಸಹಜ. ಇದರ ಚರಿತ್ರೆ ಮಾತ್ರ ಬೇರೆಯೇ ಆಗಿದೆ.

ಫ್ರಾನ್ಸ್ ದೇಶದಲ್ಲಿ ಶಾರ್ಲ್ ಮೋಶೆ ಎಂಬ ವಾಹನ ನಿರ್ಮಾಪಕನಿದ್ದನು. ಮಗನು ಬೈಸಿಕಲ್ಲೇರುವುದು ಅಪಾಯವೆಂದು ತಾಯಿ ಅಂಜಿದುದರಿಂದ, ತುಳಿದು ನಡೆಸುವ ನಾಲ್ಕು ಚಕ್ರದ ಪುಟ್ಟ ಗಾಡಿಯೊಂದನ್ನು ಅವನು ಮಗನಿಗೆ ಮಾಡಿಕೊಟ್ಟನು. ಅದೇ ಮುಂದೆ ದೊಡ್ಡವರಿಗೂ ಒದಗಿ ವೆಲೋಕಾರ್ ಎಂದು ಹೆಸರಾಯಿತು. ಆ ಗಾಡಿಯನ್ನೇ ಉದ್ದಕ್ಕೆ ಸೀಳಿದಂತೆ ಎರಡು ಚಕ್ರದ ಒರಗು ಬೈಸಿಕಲ್ಲನ್ನೂ ಅವನು ನಿರ್ಮಿಸಿದನು. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು ಇದರ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರು ಸಾಗಿದನು. 1914ರಲ್ಲಿ ಆಸ್ಕರ್ ಎಗ್ ಸ್ಥಾಪಿಸಿದ್ದ 44.247 ಕಿಲೋಮೀಟರಿನ ದಾಖಲೆ ಹೀಗೆ ಸುಮಾರು ಹತ್ತೊಂಬತ್ತು ವರ್ಷಗಳ ತರುವಾಯ ಮುರಿಯಿತು. ಫೋರ್ ಆ ಕಾಲದ ಅಗ್ರಶ್ರೇಣಿಯ ಸವಾರನಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಗೆದ್ದುದು ಸವಾರನೋ ಯಂತ್ರವೋ ಎಂಬ ವಾದವೆದ್ದಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1934ರಲ್ಲಿ ಪಂದ್ಯದ ಬೈಸಿಕಲ್ಲಿಗೆ ಹೊಸ ವ್ಯಾಖ್ಯೆಯೊಂದನ್ನು ಬರೆಯಿತು. ಸೀಟಿಗೂ ಪೆಡಲಿನ ಅಚ್ಚಿಗೂ ಎಷ್ಟು ಅಂತರ, ಅಚ್ಚಿಗೂ ನೆಲಕ್ಕೂ ಎಷ್ಟು ಎತ್ತರ ಎಂದು ಅಳತೆಗಳನ್ನು ಗೊತ್ತುಮಾಡಿತು. ಒರಗು ಬೈಸಿಕಲ್ಲು ಆ ಅಳತೆಗಳಿಗೆ ಹೊಂದದೆ ಹೊರಗುಳಿಯಿತು. ಅದೇ ವರ್ಷ ಮೋಶೆಯೂ ತೀರಿಕೊಂಡನು. ತರ್ಕಶಾಸ್ತ್ರವನ್ನೋದುವ ಮಿತ್ರರು ಇದನ್ನು ಗಮನಿಸಬೇಕು: ಓಟದಲ್ಲಿ ಗೆದ್ದುದು ವ್ಯಾಖ್ಯೆಯಲ್ಲಿ ಸೋತಿತು. ಒಕ್ಕೂಟದ ಪಕ್ಷದಲ್ಲಿಯೂ ನ್ಯಾಯವಿಲ್ಲವೆನ್ನಲಾಗದು. ಮನುಷ್ಯರ ಬಲವನ್ನು ಹೋಲಿಸಬೇಕಾದರೆ ಯಂತ್ರಗಳು ಒಂದೇ ಬಗೆಯವಾಗಿರಬೇಕಷ್ಟೆ. ಆದರೆ ಪಂದ್ಯಕ್ಕೆ ಬೇಡವಾದುದು ಬೀದಿಗೂ ಬೇಡವಾಯಿತು. ಫೋರ್ 1939ರಲ್ಲಿ ಗಾಳಿಯನ್ನು ಸೀಳುವ ಹೊದಿಕೆಯನ್ನು ತೊಡಿಸಿದ ವಾಹನದಲ್ಲಿ ಗಂಟೆಗೆ 50 ಕಿಲೋಮೀಟರನ್ನು ದಾಟಿದರೂ ಅದು ದಾಖಲೆಯ ಪುಸ್ತಕದ ಬದಿಯಲ್ಲಿಯೇ ಉಳಿಯಿತು. ಹೊದಿಕೆಯಿಲ್ಲದ ಸಾಮಾನ್ಯ ಭಂಗಿಯ ಬೈಸಿಕಲ್ಲಿನ ಮೇಲೆ ಆ ಗಡಿಯನ್ನು ಫ್ರಾನ್ಸೆಸ್ಕೊ ಮೋಸರ್ ದಾಟಿದುದು 1984ರಲ್ಲಿ. ಒರಗು ಬೈಸಿಕಲ್ಲಿನ ಪುನರುಜ್ಜೀವನಕ್ಕೆ 1970ರ ದಶಕದ ಅಮೆರಿಕೆಯ ಉತ್ಸಾಹಿಗಳು ಕಾರಣರಾದರು. ಮನುಷ್ಯಬಲದಿಂದ ಚಲಿಸುವ ಎಲ್ಲ ವಾಹನಗಳಿಗೂ ಎಡೆಯೀಯುವ ಸಂಘವೊಂದು 1976ರಲ್ಲಿ ಅಲ್ಲಿ ಹುಟ್ಟಿತು. 2016ರಲ್ಲಿ ನೆವಾಡ ಪ್ರಾಂತದ ಬ್ಯಾಟ್ಲ್ ಮೌಂಟನ್ ಎಂಬಲ್ಲಿ, ಪೂರ್ತಿ ಹೊದಿಕೆಯುಳ್ಳ ಇಂಥ ವಾಹನವೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 144.17 ಕಿಲೋಮೀಟರು ವೇಗವನ್ನು ಮುಟ್ಟಿತು.

ಈ ವೇಗದ ಗುಟ್ಟು ಸರಳವಾದುದು. ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟುಮಡಿಯಾಗುತ್ತದೆ. ನೆಟ್ಟಗೆ ಕುಳಿತ ಸವಾರನು ಎದೆಯನ್ನೆಲ್ಲ ಗಾಳಿಗೊಡ್ಡುತ್ತಾನೆ; ಒರಗಿದವನು ಗಾಳಿಗೆ ಕಡಮೆ ಮೈಯನ್ನೊಡ್ಡುತ್ತಾನೆ.

ಇನ್ನು ಇದನ್ನು ಮೈಗೆ ಹೊಂದಿಸಿಕೊಳ್ಳುವ ಕ್ರಮ. ಸಾಮಾನ್ಯ ಬೈಸಿಕಲ್ಲಿನಲ್ಲಿ ಸೀಟನ್ನು ಏರಿಸಿ ಇಳಿಸುತ್ತೇವೆ. ಇಲ್ಲಿ ಅನೇಕ ಮಾದರಿಗಳಲ್ಲಿ ಪೆಡಲುಗಳನ್ನು ಹೊತ್ತ ಮುಂದಿನ ಕೊಳವೆಯನ್ನು ಹೊರಕ್ಕೆಳೆಯಬೇಕು ಅಥವಾ ಒಳಕ್ಕೆ ತಳ್ಳಬೇಕು. ಬೆನ್ನು ಸೀಟಿಗೆ ಪೂರ್ತಿ ತಾಗಿರಲಿ. ಪೆಡಲು ಅತಿ ದೂರದಲ್ಲಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಿ ನಿಲ್ಲಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಅಳತೆ. ಕೊಳವೆ ಹತ್ತಿರವಾದರೆ ಮೊಣಕಾಲು ನೋಯುತ್ತದೆ; ದೂರವಾದರೆ ಸೊಂಟ ಸೀಟಿನಲ್ಲಿ ಅತ್ತಿತ್ತ ಜಾರುತ್ತದೆ. ಸೀಟಿನ ಒರಗನ್ನು ಹೊಸಬರು ಸ್ವಲ್ಪ ನೆಟ್ಟಗೆ ಇಟ್ಟುಕೊಂಡು, ಅಭ್ಯಾಸವಾದಂತೆ ಹಿಂದಕ್ಕೆ ಇಳಿಸುವುದು ಮೇಲು. ಒರಗು ಬದಲಾದಾಗ ಕಾಲಿನ ಅಳತೆಯೂ ಬದಲಾಗುವುದರಿಂದ ಮತ್ತೊಮ್ಮೆ ಅಳೆಯಬೇಕು. ಕೊಳವೆಯನ್ನು ಹೆಚ್ಚಾಗಿ ಸರಿಸಿದರೆ ಚೈನಿನ ಕೊಂಡಿಗಳನ್ನು ಸೇರಿಸುವುದೋ ತೆಗೆಯುವುದೋ ಆಗಬೇಕು. ಕೊನೆಗೆ ಬಿಗಿಯುವಾಗ ಪೆಡಲಿನ ಅಚ್ಚು ಓರೆಯಾಗದಂತೆ ನೋಡಿಕೊಳ್ಳತಕ್ಕದ್ದು.

ಪೋಷಣೆಯಲ್ಲಿ ಮುಖ್ಯವಾದುದು ಚೈನು. ಪೆಡಲು ಮುಂದೆ, ಓಡಿಸುವ ಚಕ್ರ ಹಿಂದೆ ಇರುವ ಮಾದರಿಗಳಲ್ಲಿ ಇದರ ಉದ್ದ ಸಾಮಾನ್ಯ ಚೈನಿನ ಎರಡರಿಂದ ಮೂರರಷ್ಟು. ಉದ್ದವಾದುದರಿಂದ ಒಂದೊಂದು ಕೊಂಡಿಗೂ ಸರದಿ ತಡವಾಗಿ ಬರುತ್ತದೆ. ಚೈನು ಬೇಗ ಸವೆಯುವುದಿಲ್ಲ. ಆದರೆ ಸೀಟಿನ ಕೆಳಗೆ ಹಾಯುವಾಗ ಅದನ್ನು ತಿರುಗಿಸಿ ನಡೆಸುವ ಸಣ್ಣ ರಾಟೆಯೊಂದುಂಟು. ತುಳಿತದ ಬಲವೆಲ್ಲ ಹಾಯುವ ಚೈನು ಅದನ್ನು ಒತ್ತುವುದರಿಂದ ಅದು ಸವೆಯುತ್ತದೆ. ಸದ್ದು ಮಾಡತೊಡಗಿದರೆ ಮೊದಲು ರಾಟೆಯನ್ನೇ ಪರೀಕ್ಷಿಸಬೇಕು. ಚೈನು ಕೊಳವೆಯೊಳಗೆ ಹಾಯುವ ಮಾದರಿಗಳಲ್ಲಿ ಎಣ್ಣೆ ಹೆಚ್ಚಾದರೆ ಧೂಳು ಅಂಟಿ ಕೆಸರಾಗುತ್ತದೆ. ಆದುದರಿಂದ ಮಿತವಾಗಿ ಹನಿಸಿ, ಬಟ್ಟೆಯಿಂದ ಒರಸಿಬಿಡುವುದು ಒಳ್ಳೆಯದು.

ಸವಾರಿಯನ್ನು ಹೊಸದಾಗಿಯೇ ಕಲಿಯಬೇಕು. ಹತ್ತು ವರ್ಷ ಬೈಸಿಕಲ್ಲು ತುಳಿದವನೂ ಮೊದಲ ದಿನ ಹಾವಿನಂತೆ ಹರಿಯುತ್ತಾನೆ. ಜನಸಂಚಾರವಿಲ್ಲದ, ತುಸು ಇಳಿಜಾರಾದ ಬಯಲು ಕಲಿಕೆಗೆ ತಕ್ಕ ಜಾಗ. ಗೇರು ಹಗುರವಾಗಿರಲಿ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೇಲೇರಿ ನಿಂತ ಪೆಡಲಿನ ಮೇಲೆ. ಬೆನ್ನೊರಗಿಸಿ ಆ ಪೆಡಲನ್ನು ದೃಢವಾಗಿ ಒತ್ತಿ, ವಾಹನ ಚಲಿಸಿದೊಡನೆ ನೆಲದ ಕಾಲನ್ನೂ ಎತ್ತಬೇಕು. ಮೈಯನ್ನು ಅತ್ತಿತ್ತ ಬಾಗಿಸಿ ಸಮತೋಲ ಹಿಡಿಯುವ ಹಳೆಯ ಚಾಳಿ ಇಲ್ಲಿ ಹೆಚ್ಚು ಫಲಿಸದು. ಹ್ಯಾಂಡಲಿನ ಸಣ್ಣ ತಿರುವುಗಳೇ ಅದನ್ನು ಕಾಯುತ್ತವೆ. ಹ್ಯಾಂಡಲನ್ನು ಬಿಗಿಹಿಡಿದಷ್ಟೂ ಓಲಾಟ ಹೆಚ್ಚು. ಹೆಗಲನ್ನು ಸಡಿಲಬಿಟ್ಟು ದೂರಕ್ಕೆ ದೃಷ್ಟಿಯಿಡಬೇಕು. ನಿಲ್ಲುವ ಮುನ್ನ ಗೇರನ್ನು ಇಳಿಸುವುದನ್ನು ಮರೆಯಬಾರದು. ಎದ್ದುನಿಂತು ತುಳಿದು ಹೊರಡುವ ಅವಕಾಶ ಇಲ್ಲಿಲ್ಲ.

ಎರಡು ಅಪಾಯಗಳನ್ನು ಹೇಳಲೇಬೇಕು. ಸಾಮಾನ್ಯ ಬೈಸಿಕಲ್ಲಿನ ಸೀಟಿನಲ್ಲಿ ಕುಳಿತು ತುಳಿಯುವಾಗ ಮೈಭಾರವೇ ಬಲಕ್ಕೆ ಮಿತಿ ಹಾಕುತ್ತದೆ. ಇಲ್ಲಿ ಬೆನ್ನಿಗೆ ಆಧಾರವಿರುವುದರಿಂದ ಮೈಭಾರವನ್ನೂ ಮೀರಿ ಒತ್ತಬಹುದು; ಆ ಒತ್ತಡವನ್ನು ತಾಳಬೇಕಾದುದು ಮೊಣಕಾಲು. ಏರಿನಲ್ಲಿ ಹಗುರ ಗೇರಿನಿಂದ ಬೇಗಬೇಗ ತುಳಿಯುವುದೇ ಜಾಣತನ. ಎರಡನೆಯದು, ಓಡುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ವಾಹನ ಕಾಲನ್ನು ತನ್ನಡಿಗೆ ಎಳೆದುಕೊಳ್ಳಬಹುದು. ಮೂರು ಚಕ್ರದ ಮಾದರಿಗಳಲ್ಲಿ ಈ ಭಯ ಹೆಚ್ಚು. ಅವುಗಳಲ್ಲಿ ಪಾದವನ್ನು ಪೆಡಲಿಗೆ ಭದ್ರಪಡಿಸುವ ಪಟ್ಟಿ ಅವಶ್ಯ.

ಇದರ ಕುಂದುಗಳೂ ಸ್ಪಷ್ಟವಾಗಿವೆ. ಸಾಮಾನ್ಯವಾಗಿ ತೂಕ ಹೆಚ್ಚು, ಬೆಲೆಯೂ ಹೆಚ್ಚು, ಏರಿನಲ್ಲಿ ನಿಧಾನ. ಹಳ್ಳ ಬಂದಾಗ ಸೀಟಿನಿಂದ ಮೈಯೆತ್ತಿ ಪೆಟ್ಟು ತಪ್ಪಿಸಿಕೊಳ್ಳುವಂತಿಲ್ಲ. ತೀರ ಕೆಳಗಿರುವ ಮಾದರಿಗಳು ಲಾರಿಯ ಚಾಲಕನ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕಾಗಿ ಹಿಂದೆ ಉದ್ದನೆಯ ಕೋಲಿಗೆ ಬಾವುಟ, ರಾತ್ರಿ ದೀಪ, ಹಿಂದಿನದನ್ನು ನೋಡಲು ಕನ್ನಡಿ ಬೇಕೇ ಬೇಕು.

ಇಷ್ಟೆಲ್ಲ ತೊಡಕಿದ್ದರೂ ಇದು ಯಾರಿಗೆ ಬೇಕು? ಕತ್ತು, ಮಣಿಕಟ್ಟು, ಬೆನ್ನುಗಳ ನೋವಿನಿಂದ ಬೈಸಿಕಲ್ಲನ್ನು ಬಿಟ್ಟುಬಿಟ್ಟವರಲ್ಲಿ ಹಲವರಿಗೆ ಇದು ಮತ್ತೆ ದಾರಿ ತೆರೆದಿದೆ. ಸಮತೋಲ ತಪ್ಪಿದವರಿಗೆ ಮೂರು ಚಕ್ರದ ಮಾದರಿಯುಂಟು. ಕಾಲಿನಲ್ಲಿ ಬಲವಿಲ್ಲದವರು ಕೈಯಿಂದ ಪೆಡಲು ತಿರುಗಿಸಿ ನಡೆಸುವ ಮೂರು ಚಕ್ರದ ಗಾಡಿಯನ್ನು ನಾವು ನಮ್ಮ ಊರುಗಳಲ್ಲಿಯೇ ಕಾಣುತ್ತೇವೆ; ಅದೂ ಈ ಬಳಗಕ್ಕೆ ಸೇರಿದ್ದೇ. ಅದನ್ನು ನೋಡಿ ಯಾರೂ ಇದು ಬೈಸಿಕಲ್ಲೇ ಅಲ್ಲವೆಂದು ಜಗಳಕ್ಕೆ ನಿಲ್ಲುವುದಿಲ್ಲ. ಅದು ಒಬ್ಬನನ್ನು ಮನೆಯಿಂದ ಸಂತೆಗೆ ಮುಟ್ಟಿಸುತ್ತದೆಯೆಂಬುದೇ ಸಾಕು. 1934ರ ವ್ಯಾಖ್ಯೆ ಪಂದ್ಯದ ಅಂಗಳದಲ್ಲಿ ತನ್ನ ಕೆಲಸವನ್ನು ಮಾಡಿಕೊಳ್ಳಲಿ. ಬೀದಿಯ ಬೈಸಿಕಲ್ಲನ್ನು ಅಳೆಯಲು ಸವಾರನ ಮೈಯೇ ಸರಿಯಾದ ಅಳತೆಗೋಲು. ಮುಂದೆ ಎಂದಾದರೂ ಒರಗಿಕೊಂಡು ಪೆಡಲು ತುಳಿಯುತ್ತ ಬರುವವರನ್ನು ಕಂಡರೆ, ಮಿತ್ರರು ನಗುವ ಮುನ್ನ ಇಷ್ಟನ್ನು ನೆನೆದಾರೆಂದು ನಂಬಿದ್ದೇನೆ.