ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಗುಡ್ಡ ಹತ್ತುವುದಾದರೆ

ಜಯನಗರದ ಮಾಧವನ್ ಪಾರ್ಕಿನಲ್ಲೋ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲೋ ಬೆಳಗಿನ ಹೊತ್ತು ಎರಡು ಸುತ್ತು ಹಾಕಿದರೆ ಸಾಕು, ಅರವತ್ತು ದಾಟಿದ ಗಂಡಸರ ಆರೋಗ್ಯದ ವರದಿಯೆಲ್ಲ ಕಿವಿಗೆ ಬೀಳುತ್ತದೆ. ಶುಗರ್ ಎಷ್ಟಿದೆ, ಬಿ.ಪಿ. ಮಾತ್ರೆ ಯಾವುದು, ಮಂಡಿ ನೋವಿಗೆ ಯಾವ ಡಾಕ್ಟರು, ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಯಾರಿಗೆ ಸ್ಟೆಂಟ್ ಹಾಕಿದರು, ಎಲ್ಲವನ್ನೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂದು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಹೆಂಡತಿಗೆ ಗೊತ್ತಿರುತ್ತದೆ, ಮಕ್ಕಳಿಗೆ ಗೊತ್ತಿರುವುದಿಲ್ಲ. ಪ್ರಾಸ್ಟೇಟ್ ಎಂಬ ಗ್ರಂಥಿಯ ಕಾಯಿಲೆ ನಮ್ಮಲ್ಲಿ ತಡವಾಗಿ ಬೆಳಕಿಗೆ ಬರುವುದಕ್ಕೆ ಈ ಮೌನವೂ ಒಂದು ಕಾರಣ.

ಈ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿದೆ. ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ವಯಸ್ಸಾದಂತೆ ಬಹುತೇಕ ಗಂಡಸರಲ್ಲಿ ಅದು ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ನಿದ್ದೆ ಕೆಡುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ತಿರುಗುವಂಥದ್ದೂ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ, ನಾಳದಿಂದ ದೂರದಲ್ಲಿ. ಹಾಗಾಗಿ ಅದು ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅಲ್ಲಿಂದ ಹರಡುವಾಗ ಅದಕ್ಕೆ ಮೂಳೆಗಳೆಂದರೆ ಇಷ್ಟ, ಅದರಲ್ಲೂ ಬೆನ್ನುಮೂಳೆ ಮತ್ತು ಸೊಂಟದ ಮೂಳೆ. ವಯಸ್ಸಾಯಿತು, ಸೊಂಟ ನೋವು ಸಹಜ ಎಂದುಕೊಂಡು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಕೊನೆಗೆ ಎಕ್ಸ್‌ರೇ ತೆಗೆಸಿದಾಗ ನಿಜ ತಿಳಿಯುವವರು ನಮ್ಮಲ್ಲಿ ಅಪರೂಪವಲ್ಲ.

ಜಯನಗರದಿಂದ ಕೂಗಳತೆಯಲ್ಲಿ, ನಿಮ್ಹಾನ್ಸ್ ಮಗ್ಗುಲಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂಬ ನೋಂದಣಿಯನ್ನು 1982ರಿಂದ ಅಲ್ಲಿ ಬರೆದಿಡುತ್ತಿದ್ದಾರೆ. ದೇಶದಲ್ಲಿ ಈ ಕೆಲಸ ಮೊದಲು ಶುರುವಾದ ಮೂರು ನಗರಗಳಲ್ಲಿ ಮುಂಬೈ, ಚೆನ್ನೈ ಜೊತೆಗೆ ಬೆಂಗಳೂರೂ ಒಂದು. ಈ ನಗರದ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಪಟ್ಟಿಯಲ್ಲಿ ಪ್ರಾಸ್ಟೇಟ್ ಈಗ ಮೇಲಿನ ಸಾಲಿಗೆ ಬಂದಿದೆ. ಆಯಸ್ಸು ಹೆಚ್ಚಿದೆ, ಪರೀಕ್ಷೆಗಳೂ ಹೆಚ್ಚಿವೆ. ಎರಡೂ ಸೇರಿ ಸಂಖ್ಯೆ ಏರಿದೆ. ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಹೊಸ ರೋಗಿಗಳು ಎಂಬುದು 2022ರ ಜಾಗತಿಕ ಅಂದಾಜು. 2020ರಲ್ಲಿ ಪ್ರಪಂಚದಲ್ಲಿ 14 ಲಕ್ಷವಿದ್ದ ಹೊಸ ಪ್ರಕರಣಗಳು 2040ಕ್ಕೆ 29 ಲಕ್ಷವಾಗುತ್ತವೆ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಎಚ್ಚರಿಸಿದೆ.

ಈ ಕಾಯಿಲೆಯ ಸುತ್ತಲಿನ ಮೌನ ಮುರಿಯಲು ಗುಡ್ಡ ಹತ್ತುವುದೂ ಒಂದು ದಾರಿ. ಕಾಯಿಲೆಯ ಹೆಸರು ಹೇಳಿ ದೇಹವನ್ನು ದಣಿಸಿ ಹಣ ಕೂಡಿಸುವ ರೂಢಿಗೆ ಒಂದು ಇತಿಹಾಸವಿದೆ. 1980ರಲ್ಲಿ ಟೆರಿ ಫಾಕ್ಸ್ ಎಂಬ ಕೆನಡಾದ ಹುಡುಗ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲೇ 143 ದಿನ ಓಡಿದ. 1995ರಲ್ಲಿ ಸ್ತನ ಕ್ಯಾನ್ಸರನ್ನು ಗೆದ್ದ 17 ಮಹಿಳೆಯರ ತಂಡವೊಂದು ದಕ್ಷಿಣ ಅಮೆರಿಕದ ಅಕೊಂಕಾಗುವಾ ಪರ್ವತಕ್ಕೆ ಹೊರಟು ಸಂಶೋಧನೆಗೆ ಹಣ ಕೂಡಿಸಿತು. ಅಲ್ಲಿಂದ ಮುಂದೆ ಪರ್ವತಾರೋಹಣ ಮತ್ತು ಕ್ಯಾನ್ಸರ್ ನಿಧಿ ಜೊತೆಯಾಗಿ ನಡೆದಿವೆ. ಪ್ರಾಸ್ಟೇಟ್ ಹೆಸರಿನಲ್ಲಿ ಕಿಲಿಮಂಜಾರೊ ಹತ್ತುವ ತಂಡಗಳು ಬ್ರಿಟನ್ನಿನಿಂದ ಹೊರಡುತ್ತವೆ. ನಮ್ಮಲ್ಲಿ 2012ರಲ್ಲಿ ಆರಂಭವಾದ ಪಿಂಕಥಾನ್ ಓಟ ಸ್ತನ ಕ್ಯಾನ್ಸರಿನ ಮಾತನ್ನು ಮನೆಮನೆಗೆ ತಂದಿತು. ಗಂಡಸರ ಕಾಯಿಲೆಗೆ ಅಷ್ಟು ದೊಡ್ಡ ಮಾತು ಇನ್ನೂ ಹುಟ್ಟಿಲ್ಲ. ಅದು ಹುಟ್ಟಲು ದಕ್ಷಿಣ ಬೆಂಗಳೂರಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಬನಶಂಕರಿಯ ಆಚೆ ತುರಹಳ್ಳಿಯ ಬಂಡೆಗಳಿವೆ. ನಗರದ ಎಷ್ಟೋ ಹುಡುಗರು ಬಂಡೆ ಹತ್ತಲು ಕಲಿತದ್ದು ಅಲ್ಲೇ. ಇನ್ನೂ ಆಚೆ ಮಾಗಡಿ ತಾಲ್ಲೂಕಿನ ಸಾವನದುರ್ಗ, 1,226 ಮೀಟರ್ ಎತ್ತರದ ಏಕಶಿಲೆ. ಸುಮಾರು 250 ಕೋಟಿ ವರ್ಷದ ಹಿಂದಿನ ಗ್ರಾನೈಟ್ ಅದು. ಅದಿರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದೇ ಹೊಸ ಹೆಸರು ಬಂತು.

ಹೃದ್ರೋಗಕ್ಕೆ ಓಟ, ಪರಿಸರಕ್ಕೆ ಸೈಕಲ್ ಜಾಥಾ, ಹಾಗೆಯೇ ಪ್ರಾಸ್ಟೇಟ್ ಕ್ಯಾನ್ಸರಿಗೊಂದು ಚಾರಣ ಎಂದು ಯಾರಾದರೂ ಅಂದುಕೊಳ್ಳಬಹುದು. ಪ್ರಾಸ್ಟೇಟ್ ಮಟ್ಟಿಗೆ ಸಂಬಂಧ ಅದಕ್ಕಿಂತ ಗಾಢವಾದದ್ದು, ಏಕೆಂದರೆ ಏರು ಹತ್ತುವುದು ಈ ಕಾಯಿಲೆಯ ಚಿಕಿತ್ಸೆಯ ಜೊತೆಗೇ ಬೆಸೆದುಕೊಂಡಿದೆ.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಬಲದಿಂದ. ಅದನ್ನು ನಿಲ್ಲಿಸಿದರೆ ಗೆಡ್ಡೆ ಕುಗ್ಗುತ್ತದೆ ಎಂದು ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹರಡಿದ ಕಾಯಿಲೆಗೆ ಇಂದಿಗೂ ಅದೇ ಬುನಾದಿ. ಇಂಜೆಕ್ಷನ್ ಕೊಟ್ಟು ಹಾರ್ಮೋನ್ ಇಳಿಸಬಹುದು, ಇಲ್ಲವೇ ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ ಮಾಡಬಹುದು. ಕಾಯಿಲೆ ಹತೋಟಿಗೆ ಬರುತ್ತದೆ, ಆದರೆ ಹಾರ್ಮೋನ್ ಹೋದ ದೇಹ ಬೇರೆಯದೇ ದೇಹ. ಸ್ನಾಯು ಕರಗುತ್ತದೆ, ಹೊಟ್ಟೆಯ ಕೊಬ್ಬು ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಗೆ ದಾರಿಯಾಗುತ್ತದೆ. ಮಲಗಿದರೂ ಹೋಗದ ಆಯಾಸ ಬೇರೆ. ಇಂಥವರಿಗೆ ಹಿಂದೆ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಿದ್ದರು. ಕೆನಡಾದಲ್ಲಿ 155 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಆ ಸಲಹೆಯನ್ನು ತಲೆಕೆಳಗು ಮಾಡಿತು. ಹನ್ನೆರಡು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಆಯಾಸ ಕಡಿಮೆಯಾಗಿತ್ತು, ಸುಮ್ಮನಿದ್ದವರಲ್ಲಿ ಹೆಚ್ಚಾಗಿತ್ತು.

ಗುಡ್ಡ ಹತ್ತುವುದೂ ಭಾರ ಎತ್ತುವುದೇ. ಎತ್ತುವ ಭಾರ ನಮ್ಮದೇ ಮೈ. 70 ಕಿಲೋ ತೂಕದವರು 300 ಮೀಟರ್ ಎತ್ತರ ಏರಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು 2 ಲಕ್ಷ ಜೂಲ್, ಅಂದರೆ 50 ಕಿಲೊ ಕ್ಯಾಲೊರಿ. ಸ್ನಾಯುಗಳು ತಾವು ಸುಡುವ ಇಂಧನದಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಬದಲಿಸುತ್ತವೆ, ಉಳಿದದ್ದು ಶಾಖ. ಹಾಗಾಗಿ ಆ ಏರಿಗೆ 200 ಕಿಲೊ ಕ್ಯಾಲೊರಿಗೂ ಮೀರಿ ಖರ್ಚು. ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ದುಡಿಯುತ್ತವೆ, ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಭಾರ ಬಿದ್ದ ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಹಾರ್ಮೋನ್ ಚಿಕಿತ್ಸೆ ಯಾವುದನ್ನು ಕಿತ್ತುಕೊಳ್ಳುತ್ತದೋ ಏರು ಅದರಲ್ಲಿ ಒಂದಿಷ್ಟನ್ನು ವಾಪಸು ಕೊಡುತ್ತದೆ. ಗುಡ್ಡವೇ ಬೇಕೆಂದಿಲ್ಲ, ರಾಗಿಗುಡ್ಡದ ಆಂಜನೇಯನ ಮೆಟ್ಟಿಲುಗಳೂ ಆದೀತು, ಮೆಟ್ರೊ ನಿಲ್ದಾಣದ ಮೆಟ್ಟಿಲುಗಳೂ ಆದೀತು.

ಆಯಸ್ಸೂ ಹೆಚ್ಚುತ್ತದೆಯೇ? ಅಮೆರಿಕದ ಆರೋಗ್ಯ ವೃತ್ತಿಯ ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದ ಮೇಲೆ ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಬಿರುಸಿನ ವ್ಯಾಯಾಮ ಮಾಡಿದವರಲ್ಲಿ, ಒಂದು ಗಂಟೆಯೂ ಮಾಡದವರಿಗೆ ಹೋಲಿಸಿದರೆ, ಅದೇ ಕ್ಯಾನ್ಸರಿನಿಂದ ಸಾಯುವ ಸಂಭವ ಶೇಕಡಾ 61ರಷ್ಟು ಕಡಿಮೆಯಿತ್ತು. ಸಂಖ್ಯೆ ದೊಡ್ಡದು, ಆದರೆ ಎಚ್ಚರ ಬೇಕು. ಕಾಯಿಲೆ ಹಗುರವಾಗಿದ್ದವರೇ ಹೆಚ್ಚು ವ್ಯಾಯಾಮ ಮಾಡಿರಬಹುದು. ಈ ಗೊಂದಲ ಬಿಡಿಸಬೇಕಾದರೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಬೇಕು. ಅಂಥ ಪ್ರಯೋಗವೊಂದನ್ನು ಹಲವು ದೇಶಗಳಲ್ಲಿ ಕೈಗೊಂಡರು. ಅದಕ್ಕೆ ಹಣ ಕೊಟ್ಟದ್ದು ಮೂವೆಂಬರ್ ಪ್ರತಿಷ್ಠಾನ. 2003ರಲ್ಲಿ ಮೆಲ್ಬರ್ನ್‌ನಲ್ಲಿ 30 ಮಂದಿ ಗಂಡಸರು ನವೆಂಬರ್ ಪೂರ್ತಿ ಮೀಸೆ ಬೆಳೆಸಿದ್ದರಿಂದ ಶುರುವಾದ ಆಂದೋಲನ ಅದು. ಜನ ಕೂಡಿಸಿದ ಹಣ ಇಂಥ ಪ್ರಶ್ನೆಯ ಬೆನ್ನು ಹತ್ತಿದಾಗಲೇ ಅದಕ್ಕೆ ಬೆಲೆ ಎಂದು ನಾನು ನಂಬುತ್ತೇನೆ.

ಎತ್ತರದ ಪರ್ವತಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ಸಾವನದುರ್ಗದಲ್ಲಿ ಗಾಳಿ ಜಯನಗರದ ಗಾಳಿಗಿಂತ ಹೆಚ್ಚು ತೆಳುವಲ್ಲ. ಆದರೆ 5,895 ಮೀಟರಿನ ಕಿಲಿಮಂಜಾರೊ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಆಗ ಜೀವಕೋಶಗಳಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಎಚ್ಚೆತ್ತು, ಕೆಂಪು ರಕ್ತಕಣ ಹೆಚ್ಚಿಸಿ, ಹೊಸ ರಕ್ತನಾಳ ಬೆಳೆಸಿ ಎಂದು ಆದೇಶ ಕೊಡುತ್ತದೆ. ಇದನ್ನು ಬಿಡಿಸಿ ಹೇಳಿದ ಮೂವರಿಗೆ 2019ರ ನೊಬೆಲ್ ಸಂದಿತು. ಕ್ಯಾನ್ಸರ್ ಗೆಡ್ಡೆ ಇದೇ ಪ್ರೋಟೀನನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ. ರಕ್ತನಾಳ ತಲುಪದಷ್ಟು ಬೇಗ ಬೆಳೆದ ಗೆಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿನ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾದೀತು. ಎತ್ತರದಲ್ಲಿ ಆಮ್ಲಜನಕ ಹೀಗೆ ಕಡಿಮೆಯಾಗುವುದರಿಂದ, ಹಾರ್ಮೋನ್ ಚಿಕಿತ್ಸೆಯಲ್ಲಿದ್ದು ಹಿಮೋಗ್ಲೋಬಿನ್ ಇಳಿದವರು ಎತ್ತರದ ಚಾರಣಕ್ಕೆ ಹೆಸರು ಕೊಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಮೂಳೆಗೆ ಹರಡಿದ್ದರೆ ಏರಿಗಿಂತ ಇಳಿಜಾರು ಅಪಾಯ, ಜಾರಿದರೆ ಮುರಿತ. ಗ್ರಂಥಿ ಬರೀ ದೊಡ್ಡದಾಗಿರುವವರೂ ಚಳಿಯ ಜಾಗದಲ್ಲಿ ಮೂಗು ಕಟ್ಟಿತೆಂದು ಶೀತದ ಮಾತ್ರೆ ನುಂಗಬಾರದು; ಅವುಗಳಲ್ಲಿನ ಸ್ಯೂಡೋಎಫೆಡ್ರಿನ್ ಮೂತ್ರವನ್ನೇ ಕಟ್ಟಿಸಿಬಿಡಬಹುದು.

ಇನ್ನು ಬೆಟ್ಟದ ಮೇಲೆ ಬ್ಯಾನರ್ ಬಿಚ್ಚಿದಾಗ ಅದರಲ್ಲಿ ಏನು ಬರೆದಿರಬೇಕು? ಎಲ್ಲರೂ ಪಿಎಸ್‌ಎ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬರೆಯುವುದು ಸುಲಭ, ಆದರೆ ಅದು ಅರ್ಧ ಸತ್ಯ. ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ವೀರ್ಯವನ್ನು ತೆಳುವಾಗಿಸುವುದು ಅದರ ಸಹಜ ಕೆಲಸ. ಕ್ಯಾನ್ಸರ್ ಇದ್ದರೆ ಅದು ರಕ್ತದಲ್ಲಿ ಏರುತ್ತದೆ. ಗ್ರಂಥಿ ದೊಡ್ಡದಾದರೂ, ಸೋಂಕಾದರೂ ಏರುತ್ತದೆ. ಏರದೆಯೂ ಕ್ಯಾನ್ಸರ್ ಇರಬಹುದು. ಯುರೋಪಿನಲ್ಲಿ ದೊಡ್ಡ ಸಂಖ್ಯೆಯ ಗಂಡಸರನ್ನು 23 ವರ್ಷ ಗಮನಿಸಿದ ಪ್ರಯೋಗದ ಫಲ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇಕಡಾ 13ರಷ್ಟು ಕಡಿಮೆ. 456 ಮಂದಿಯನ್ನು ಕರೆದರೆ ಒಂದು ಸಾವು ತಪ್ಪುತ್ತದೆ. ಲಾಭ ನಿಜ, ಆದರೆ ಜೊತೆಗೇ ಎಂದೂ ತೊಂದರೆ ಕೊಡದಿದ್ದ ಸಣ್ಣ ಕ್ಯಾನ್ಸರುಗಳೂ ಪತ್ತೆಯಾಗಿ ಗಾಬರಿ ಹುಟ್ಟಿಸುತ್ತವೆ. ಪತ್ತೆಯಾದದ್ದನ್ನೆಲ್ಲ ಕತ್ತರಿಸಬೇಕಿಲ್ಲ. ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ರೋಗಿಗಳನ್ನು ಬ್ರಿಟನ್ನಿನಲ್ಲಿ ಮೂರು ಗುಂಪು ಮಾಡಿದರು. ಶಸ್ತ್ರಚಿಕಿತ್ಸೆ ಒಂದಕ್ಕೆ, ವಿಕಿರಣ ಇನ್ನೊಂದಕ್ಕೆ, ಬರೀ ನಿಗಾ ಮತ್ತೊಂದಕ್ಕೆ. ಹದಿನೈದು ವರ್ಷದ ಬಳಿಕ, 2023ರ ವರದಿಯ ಪ್ರಕಾರ, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸು. ಈಗ ಪಿಎಸ್‌ಎ ಏರಿದರೆ ನೇರ ಬಯಾಪ್ಸಿಗೆ ಹೋಗದೆ ಮೊದಲು ಎಂಆರ್‌ಐ ಮಾಡುವುದು ಒಳ್ಳೆಯ ರೂಢಿ.

ಆದ್ದರಿಂದ ಬ್ಯಾನರಿನಲ್ಲಿ ಇರಬೇಕಾದ್ದು ಇಷ್ಟು. ಐವತ್ತು ದಾಟಿದವರು ಪಿಎಸ್‌ಎ ಬೇಕೇ ಬೇಡವೇ ಎಂದು ವೈದ್ಯರ ಜೊತೆ ಮಾತಾಡಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ ನಲವತ್ತೈದಕ್ಕೇ ಮಾತಾಡಿ, ನಿಮಗೆ ಬರುವ ಸಂಭವ ಸುಮಾರು ಎರಡು ಪಟ್ಟು. ಅಮ್ಮನಿಗೋ ಅಕ್ಕತಂಗಿಯರಿಗೋ ಚಿಕ್ಕ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಹೇಳಿ. ಬಿಆರ್‌ಸಿಎ2 ಎಂಬ ಒಂದೇ ದೋಷಯುಕ್ತ ಜೀನ್ ಆ ಕ್ಯಾನ್ಸರುಗಳಿಗೂ ಪ್ರಾಸ್ಟೇಟ್ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ಕೂಡಿದ ಹಣದ ವಿಚಾರಕ್ಕೆ ಬಂದರೆ, ಅದು ಫಲಕ, ಟಿ-ಶರ್ಟುಗಳಲ್ಲಿ ಕರಗಬಾರದು. ಕಿದ್ವಾಯಿಗೆ ರಾಯಚೂರು, ಕಲಬುರಗಿ ಕಡೆಯಿಂದ ಬರುವ ರೋಗಿಗೆ ಸರ್ಕಾರದ ಕಾರ್ಡಿನಲ್ಲಿ ಚಿಕಿತ್ಸೆ ಸಿಗಬಹುದು. ಬಸ್ಸಿನ ಖರ್ಚು, ಇರುವ ಜಾಗ, ಜೊತೆಗೆ ಬಂದ ಮಗನ ಕೂಲಿ ಅದರಲ್ಲಿ ಬರುವುದಿಲ್ಲ. ಪ್ರಾಸ್ಟೇಟಿಗೆ ವಿಕಿರಣವೆಂದರೆ ಹಿಂದೆ 37 ಸಲ, ಏಳೆಂಟು ವಾರ ಊರು ಬಿಟ್ಟಿರಬೇಕಿತ್ತು. 20 ಸಲದಲ್ಲೇ ಅಷ್ಟೇ ಫಲ ಸಿಗುತ್ತದೆಂದು 2016ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಅಪಾಯ ಕಡಿಮೆಯಿರುವವರಿಗೆ 5 ಸಲವೂ ಸಾಕೆಂದು 2024ರಲ್ಲಿ ತಿಳಿಯಿತು. ಕಡಿಮೆಯಾದ ಒಂದೊಂದು ದಿನವೂ ಒಂದು ದಿನದ ಕೂಲಿ, ಒಂದು ರಾತ್ರಿಯ ಬಾಡಿಗೆ. ಇಂಥ ಚಿಕಿತ್ಸೆ ಬಡವರಿಗೆ ಎಟುಕಲು ಬೇಕಾದ ಯಂತ್ರಕ್ಕೆ, ಅದುವರೆಗೆ ರೋಗಿಯ ಊಟ ವಸತಿಗೆ ಹಣ ಹೋಗಲಿ.

ಬಿಟಿಎಂ, ಬನಶಂಕರಿಯ ಚಾರಣದ ಗುಂಪುಗಳಿಗೆ ನನ್ನ ಕೋರಿಕೆ ಒಂದೇ. ಬರುವ ನವೆಂಬರಿನಲ್ಲಿ ಒಂದು ಭಾನುವಾರ ಸಾವನದುರ್ಗಕ್ಕೆ ಹೋಗುವಾಗ ನಿಮ್ಮ ತಂದೆಯನ್ನೂ ಮಾವನನ್ನೂ ಕರೆದುಕೊಂಡು ಹೋಗಿ, ಅವರಿಗೆ ಎಷ್ಟು ಆಗುತ್ತದೋ ಅಷ್ಟು ಹತ್ತಿಸಿ, ಕೂತಾಗ ಈ ವಿಷಯ ತೆಗೆಯಿರಿ. ಮರುದಿನವೇ ಲ್ಯಾಬಿಗೆ ಮಾತ್ರ ಓಡಿಸಬೇಡಿ. ಬಿರುಸಾದ ವ್ಯಾಯಾಮ, ಸೈಕಲ್ ಸವಾರಿ, ವೀರ್ಯಸ್ಖಲನ, ಇವು ಪಿಎಸ್‌ಎಯನ್ನು ತಾತ್ಕಾಲಿಕವಾಗಿ ಏರಿಸಬಹುದು. ಬೆಟ್ಟ ಇಳಿದ ಮೇಲೆ ಎರಡು ಪೂರ್ತಿ ದಿನ ಬಿಟ್ಟು ರಕ್ತ ಕೊಡಲಿ.