ಇಬ್ಬರು ಮಕ್ಕಳು, ಒಂದು ತಳ್ಳುಗಾಡಿ

ಒಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಪಯಣಿಸುವುದು ಹೇಗೋ ಸಾಗುತ್ತದೆ. ಎರಡಾದಾಗ ತಾಯಿಗೆ ಕೈಗಳು ಸಾಲವು. ಪರದೇಶದಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಅಜ್ಜಿಯ ಮಡಿಲಾಗಲಿ, ಅಕ್ಕತಂಗಿಯರ ನೆರವಾಗಲಿ ದಾರಿಯಲ್ಲಿ ದೊರೆಯದು. ಆದುದರಿಂದಲೇ ಅಲ್ಲಿ ಜೋಡಿ ತಳ್ಳುಗಾಡಿಯು ಗೃಹಸ್ಥರಿಗೆ ಅಗತ್ಯವಸ್ತುವೆನಿಸಿದೆ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನಾವು ಮಗಳ ಸಂಸಾರದೊಡನೆ ಪ್ರಯಾಣ ಹೊರಟಿದ್ದೆವು. ಮೊಮ್ಮಗಳಿಗೆ ಮೂರು ವರ್ಷ, ಮೊಮ್ಮಗನಿಗೆ ಎಂಟು ತಿಂಗಳು. ವಿಮಾನ ನಿಲ್ದಾಣದಲ್ಲಿ ಭಾರವಾದ ಎರಡು ಚೀಲಗಳನ್ನು ಗಾಡಿಯ ಹಿಡಿಕೆಗೆ ತೂಗುಹಾಕಿದವರು ನಾವೇ. ಮೊಮ್ಮಗಳು ಕೆಳಗಿಳಿದೊಡನೆ ಗಾಡಿ ಹಿಂದಕ್ಕೆ ಮಗುಚಿತು. ಪಟ್ಟಿ ಬಿಗಿದಿದ್ದುದರಿಂದ ಶಿಶುವಿಗೆ ಅಪಾಯವಾಗಲಿಲ್ಲ. ಆದರೆ ಆ ಕ್ಷಣದ ನಮ್ಮ ಎದೆಬಡಿತವನ್ನು ಮರೆಯಲಾರೆವು. ಗಾಡಿ ಹಗುರವಾದಷ್ಟೂ ಹಿಡಿಕೆಯ ಭಾರಕ್ಕೆ ಬೇಗನೆ ಮಗುಚುತ್ತದೆಂಬುದನ್ನು ನಾವು ಕಲಿತದ್ದು ಹೀಗೆ. ಸಾಮಾನಿಗೆ ಆಸನದ ಕೆಳಗಣ ಬುಟ್ಟಿಯೇ ಸ್ಥಾನ.

ಹಗುರ ಗಾಡಿಯ ಕಥೆ ಸ್ವಾರಸ್ಯಕರವಾದುದು. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಚೌಕಟ್ಟಿನ ವಿನ್ಯಾಸದಲ್ಲಿ ದುಡಿದ ಓವೆನ್ ಮ್ಯಾಕ್ಲಾರೆನ್ ಎಂಬ ಆಂಗ್ಲ ಎಂಜಿನಿಯರು 1965ರಲ್ಲಿ ಛತ್ರಿಯಂತೆ ಮಡಿಚಬಲ್ಲ ಅಲ್ಯೂಮಿನಿಯಂ ಗಾಡಿಗೆ ಪೇಟೆಂಟ್ ಕೋರಿದರು. ಅದರ ತೂಕ ಸುಮಾರು 2.7 ಕಿಲೋ ಮಾತ್ರ. ಆದರೆ ಮಡಿಚುವ ಕೀಲೇ ಅಪಾಯದ ತಾಣವೂ ಹೌದು. ಅವರ ಹೆಸರಿನ ಕಂಪನಿಯು 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಕೀಲುಗಳಿಗೆ ಹೊದಿಕೆ ಒದಗಿಸಬೇಕಾಯಿತು. 12 ಮಕ್ಕಳ ಬೆರಳ ತುದಿ ತುಂಡಾದ ವರದಿಗಳು ಬಂದಿದ್ದವು. ಗಾಡಿಯನ್ನು ಬಿಚ್ಚುವಾಗಲೂ ಮಡಿಚುವಾಗಲೂ ಮಕ್ಕಳನ್ನು ದೂರ ನಿಲ್ಲಿಸತಕ್ಕದ್ದು.

ಜೋಡಿ ಗಾಡಿಗಳಲ್ಲಿ ಎರಡು ಬಗೆ. ಪಕ್ಕಪಕ್ಕದ ಆಸನಗಳ ಗಾಡಿ ಸಾಮಾನ್ಯವಾಗಿ 30 ಇಂಚು ಅಗಲ. ಹಗುರವಾದವು 9-10 ಕಿಲೋ ತೂಗುತ್ತವೆ. ಒಂದರ ಹಿಂದೊಂದು ಆಸನವಿರುವುದು ಕಿರಿದಾದ ದಾರಿಗೆ ಅನುಕೂಲ. ಆದರೆ ಉದ್ದ, ಬಹುಮಟ್ಟಿಗೆ ಭಾರ, ತಿರುಗಿಸುವುದೂ ಪ್ರಯಾಸ. ಅಮೆರಿಕದ ಸಾರ್ವಜನಿಕ ಕಟ್ಟಡಗಳ ಬಾಗಿಲುಗಳಿಗೆ ಅಲ್ಲಿನ ನಿಯಮವು ಕನಿಷ್ಠ 32 ಇಂಚು ತೆರಪನ್ನು ವಿಧಿಸುತ್ತದೆ; ಹಳೆಯ ಮನೆಗಳಲ್ಲಿ ಅಷ್ಟಿರದು. ಡಿಸ್ನಿ ಉದ್ಯಾನಗಳು 2019ರಿಂದ 31 ಇಂಚು ಅಗಲ, 52 ಇಂಚು ಉದ್ದವನ್ನು ಮೀರಿದ ಗಾಡಿಗಳನ್ನು ಒಳಗೆ ಬಿಡುವುದಿಲ್ಲ. ಆದುದರಿಂದ ಕೊಳ್ಳುವ ಮುನ್ನ ಅಳತೆಪಟ್ಟಿ ಹಿಡಿದು ಅಳೆಯುವುದು ಲೇಸು.

ವಿಮಾನಯಾನದಲ್ಲಿ ತಪಾಸಣೆಯ ಕಡೆ ಮಕ್ಕಳನ್ನಿಳಿಸಿ, ಗಾಡಿಯನ್ನು ಮಡಿಚಿ ಯಂತ್ರಕ್ಕೆ ಒಪ್ಪಿಸಬೇಕು. ಅನಂತರ ವಿಮಾನದ ಬಾಗಿಲವರೆಗೂ ಒಯ್ಯಬಹುದು. ತೂಕ, ಅಳತೆಗಳ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ; ಮೊದಲೇ ವಿಚಾರಿಸಿರಿ. ಒಂದು ಮಗುವನ್ನೆತ್ತಿಕೊಂಡು ಇನ್ನೊಂದು ಕೈಯಿಂದಲೇ ಮಡಿಚಲು ಸಾಧ್ಯವೇ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿರಿ.

ಆರು ತಿಂಗಳೊಳಗಿನ ಶಿಶುವಿಗೆ ಆಸನವು ಬಹುಪಾಲು ಸಮತಲವಾಗಿ ಒರಗುವಂತಿರಬೇಕು. ಕತ್ತು ಮುಂದಕ್ಕೆ ಬಾಗಿದರೆ ಉಸಿರಾಟಕ್ಕೆ ತೊಡಕು. ಐದು ಕಡೆ ಬಿಗಿಯುವ ಪಟ್ಟಿ, ಎರಡೂ ಹಿಂಗಾಲಿಗಳಿಗೆ ತಡೆ, ಇವು ಅವಶ್ಯ. ಬಿಸಿಲೆಂದು ಗಾಡಿಗೆ ಬಟ್ಟೆ ಹೊದಿಸಕೂಡದು. ಒಳಗೆ ಗಾಳಿಯಾಡದೆ ತಾಪವೇರುತ್ತದೆ.

ಬೆಲೆಯನ್ನೂ ಬಣ್ಣವನ್ನೂ ಕಡೆಯಲ್ಲಿ ನೋಡಿದರಾಯಿತು. ಗಾಡಿ ಹಗುರವಿರಲಿ, ಅದನ್ನು ತಳ್ಳುವವರ ಎಚ್ಚರ ಮಾತ್ರ ಹಗುರವಾಗದಿರಲಿ.